ಬೆಟ್ಟದ ಕಣಿವೆಯ ಸಣ್ಣ ಊರಲ್ಲಿ ನೆಲೆಸುವ ಮೊದಲು: ಹೆಜ್ಜೆ ಹೆಜ್ಜೆಯಾಗಿ ನೋಡಬೇಕಾದ್ದು

ಬೆಟ್ಟಗಳ ನಡುವಿನ ಸಣ್ಣ ಊರಿಗೆ ಹೋಗಿ ನೆಲೆಸಬೇಕು ಅನ್ನುವ ಆಸೆ ಹೆಚ್ಚಾಗಿ ಹುಟ್ಟುವುದು ರಜೆಯ ದಿನ. ಆಕಾಶ ತಿಳಿಯಾಗಿರುತ್ತದೆ, ಗಾಳಿ ತಣ್ಣಗಿರುತ್ತದೆ, ರೂಮಿನ ಕಿಟಕಿಯಿಂದಲೇ ಶಿಖರ ಕಾಣುತ್ತದೆ. ಆ ಆಸೆ ತಪ್ಪೇನಲ್ಲ. ಅಂಥ ಊರುಗಳಲ್ಲಿ ತುಂಬ ಚೆನ್ನಾಗಿ ಬದುಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಆ ಊರನ್ನು ಎಲ್ಲ ಕಾಲದಲ್ಲೂ ನೋಡಿದ್ದಾರೆ, ಮನೆ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅನ್ನುವುದು ಅವರಿಗೆ ಗೊತ್ತಿದೆ. ಹೊರಗಿನಿಂದ ಹೋಗುವವರಿಗೆ ಅದು ಗೊತ್ತಿರುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಕಣಿವೆಯ ಊರಿಗೆ ಒಂದೇ ಹವಾಮಾನ ಅಂತ ಇರುವುದಿಲ್ಲ. ಹೊಳೆಯ ದಂಡೆಯ ಮನೆಗೆ ಒಂದು ಚಳಿ, ಅದಕ್ಕಿಂತ 150 ಮೀಟರ್ ಮೇಲಿರುವ ಮನೆಗೆ ಇನ್ನೊಂದು ಚಳಿ. ಈ ಬದಿಯ ಬೀದಿಗೆ ಮಧ್ಯಾಹ್ನವಿಡೀ ಬಿಸಿಲು, ಆ ಬದಿಗೆ ತಿಂಗಳುಗಟ್ಟಲೆ ನೆರಳು. ಹಾಗಾಗಿ ಊರು ಆರಿಸುವುದಕ್ಕಿಂತ ಊರಿನೊಳಗೆ ಜಾಗ ಆರಿಸುವುದರಲ್ಲಿ ಜಾಸ್ತಿ ಎಚ್ಚರ ಬೇಕು. ಕೆಳಗಿನ ಹೆಜ್ಜೆಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಹೆಜ್ಜೆ 1: ಅಂಕಿ ನೋಡಿ, ಸರಾಸರಿಗೆ ಮರುಳಾಗಬೇಡಿ

ಊರಿನ ತಿಂಗಳವಾರು ಉಷ್ಣಾಂಶ, ಮಳೆ, ಹಿಮದ ಪಟ್ಟಿ ತೆಗೆದುಕೊಳ್ಳಿ. ಹವಾಮಾನದವರು 30 ವರ್ಷಗಳ ಸರಾಸರಿಯನ್ನು ಆಧಾರವಾಗಿ ಬಳಸುತ್ತಾರೆ. ಈಗ ಚಾಲ್ತಿಯಲ್ಲಿರುವುದು 1991ರಿಂದ 2020ರವರೆಗಿನದು. ಅದಕ್ಕಿಂತ ಹಳೆಯ 30 ವರ್ಷದ ಪಟ್ಟಿಯೂ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಡಿ. ಊರು ಯಾವ ಕಡೆಗೆ ಬದಲಾಗುತ್ತಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ಆಮೇಲೆ ಆ ಅಂಕಿಗಳು ಬಂದ ಮಾಪನ ಕೇಂದ್ರ ಎಷ್ಟು ಎತ್ತರದಲ್ಲಿದೆ ನೋಡಿ. ಮೇಲೆ ಹೋದ ಹಾಗೆ ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೇಂದ್ರ 900 ಮೀಟರಿನಲ್ಲಿದ್ದು, ನೀವು ನೋಡಿದ ಮನೆ 1300 ಮೀಟರಿನಲ್ಲಿದ್ದರೆ ಎರಡರ ನಡುವೆ ಸುಮಾರು 2.6 ಡಿಗ್ರಿ ವ್ಯತ್ಯಾಸ. ಇಷ್ಟೇನಾ ಅನ್ನಿಸಬಹುದು. ಆದರೆ ಬೀಳುವುದು ಮಳೆಯೋ ಹಿಮವೋ ಅನ್ನುವುದು ಎಷ್ಟೋ ದಿನ ಈ ಎರಡೂವರೆ ಡಿಗ್ರಿಯಲ್ಲೇ ತೀರ್ಮಾನ ಆಗುತ್ತದೆ.

ಸರಾಸರಿ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಹಗಲು 18, ರಾತ್ರಿ 2 ಇದ್ದರೂ ಸರಾಸರಿ 10. ಹಗಲು 12, ರಾತ್ರಿ 8 ಇದ್ದರೂ 10. ಮೊದಲನೆಯದರಲ್ಲಿ ಬೆಳಿಗ್ಗೆ ದಪ್ಪ ಜಾಕೆಟ್, ಮಧ್ಯಾಹ್ನ ಬರೀ ಅಂಗಿ. ಎರಡನೆಯದರಲ್ಲಿ ದಿನವಿಡೀ ಒಂದು ಸ್ವೆಟರ್ ಸಾಕು. ಎತ್ತರದ ಒಣ ಕಣಿವೆಗಳಲ್ಲಿ ಮೊದಲನೆಯ ಥರವೇ ಜಾಸ್ತಿ. ಹಾಗಾಗಿ ಕನಿಷ್ಠ ಮತ್ತು ಗರಿಷ್ಠವನ್ನು ಬೇರೆ ಬೇರೆ ಬರೆದುಕೊಳ್ಳಿ. ಜೊತೆಗೆ ದಾಖಲೆಯಾದ ಅತಿ ಕೆಟ್ಟ ದಿನಗಳನ್ನೂ ಬರೆದುಕೊಳ್ಳಿ.

ಈ ಕೆಟ್ಟ ದಿನಗಳ ಬಗ್ಗೆ ಎರಡು ಉದಾಹರಣೆ ಕೊಡಲೇಬೇಕು. ಲಡಾಖಿನ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ಪಟ್ಟಿ ನೋಡಿದರೆ ನೀರಿನ ಅಪಾಯವೇ ಇಲ್ಲ ಅನ್ನಿಸುತ್ತದೆ. ಆದರೆ 2010ರ ಆಗಸ್ಟಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಬೋಳು ಬೆಟ್ಟಗಳಿಂದ ಕೆಸರು, ಕಲ್ಲು ಹರಿದುಬಂದು 200ಕ್ಕೂ ಹೆಚ್ಚು ಜನ ಸತ್ತರು. ಇನ್ನೊಂದು, ಕೆನಡಾದ ಲಿಟನ್. ಎರಡು ನದಿ ಸೇರುವ ಕಡೆ, ಬೆಟ್ಟಗಳ ಬುಡದಲ್ಲಿರುವ ಪುಟ್ಟ ಊರು. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ದಾಖಲಾಯಿತು. ಅದು ಇಡೀ ಕೆನಡಾದ ದಾಖಲೆ. ಮರುದಿನವೇ ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟುಹೋಯಿತು. ಬೆಟ್ಟದ ಊರು ಅಂದರೆ ತಂಪು ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಆಳವಾದ ಒಣ ಕಣಿವೆಯ ತಳದಲ್ಲಿ ಬೇಸಿಗೆ ಸುಡುತ್ತದೆ.

ಹೆಜ್ಜೆ 2: ಮುಷ್ಟಿ ಹಿಡಿದು ಬಿಸಿಲನ್ನು ಅಳೆಯಿರಿ

ಚಳಿಗಾಲದ ಬಿಸಿಲಿನಷ್ಟು ಬೆಲೆಯುಳ್ಳದ್ದು ಕಣಿವೆಯಲ್ಲಿ ಬೇರೆ ಇಲ್ಲ. ಅದನ್ನು ಯಾವ ಕಾಲದಲ್ಲಿ ಹೋದರೂ ಅಳೆಯಬಹುದು, ಒಂದು ದಿಕ್ಸೂಚಿ ಮತ್ತು ನಿಮ್ಮ ಕೈ ಇದ್ದರೆ ಸಾಕು.

ಉತ್ತರ ಗೋಳದ ಲೆಕ್ಕ ಹೀಗಿದೆ. ಡಿಸೆಂಬರ್ ಮೂರನೇ ವಾರದಲ್ಲಿ ನಡುಹಗಲಿನ ಸೂರ್ಯ ಎಷ್ಟು ಎತ್ತರಕ್ಕೆ ಬರುತ್ತಾನೆ ಅಂತ ತಿಳಿಯಲು 90ರಿಂದ ಊರಿನ ಅಕ್ಷಾಂಶ ಕಳೆಯಿರಿ, ಆಮೇಲೆ ಇನ್ನೊಂದು 23.5 ಕಳೆಯಿರಿ. ಅಕ್ಷಾಂಶ 45 ಆದರೆ ಉಳಿಯುವುದು 21.5 ಡಿಗ್ರಿ. 35 ಆದರೆ 31.5. ವರ್ಷದ ಅತಿ ಚಿಕ್ಕ ದಿನದಲ್ಲಿ ಸೂರ್ಯ ಅದಕ್ಕಿಂತ ಮೇಲೇರುವುದಿಲ್ಲ.

ಈಗ ಮನೆಯ ಮುಂದೆ ನಿಂತು ದಕ್ಷಿಣಕ್ಕೆ ಮುಖ ಮಾಡಿ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಕಟ್ಟಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ ತೋರಿಸುತ್ತದೆ. ಮುಷ್ಟಿಯ ತಳ ಕಣ್ಣಿನ ಮಟ್ಟಕ್ಕೆ ಬರಲಿ, ಅದರ ಮೇಲೆ ಇನ್ನೊಂದು ಕೈಯ ಮುಷ್ಟಿ ಇಡಿ, ಹೀಗೆ ಬೆಟ್ಟದ ನೆತ್ತಿ ಮುಟ್ಟುವವರೆಗೆ ಎಣಿಸಿ. ಅಕ್ಷಾಂಶ 45ರ ಊರಲ್ಲಿ ಬೆಟ್ಟ ಎರಡೂವರೆ ಮುಷ್ಟಿ ಎತ್ತರಕ್ಕಿದ್ದರೆ ಚಳಿಗಾಲದ ನಡುವೆ ಆ ಮನೆಗೆ ನೇರ ಬಿಸಿಲು ಬೀಳುವುದಿಲ್ಲ. ಒಂದೇ ಮುಷ್ಟಿ ಇದ್ದರೆ ನಡುಹಗಲು ಒಳ್ಳೆಯ ಬಿಸಿಲು ಸಿಗುತ್ತದೆ. ಆಗ್ನೇಯ ಮತ್ತು ನೈರುತ್ಯಕ್ಕೂ ಇದೇ ಥರ ಅಳೆಯಿರಿ. ಅಲ್ಲಿ ಸೂರ್ಯ ಇನ್ನೂ ಕೆಳಗಿರುತ್ತಾನೆ, ಸಣ್ಣ ಗುಡ್ಡವೂ ಬೆಳಗಿನ ಅಥವಾ ಸಂಜೆಯ ಬಿಸಿಲನ್ನು ತಿಂದುಹಾಕುತ್ತದೆ. ದಕ್ಷಿಣ ಗೋಳದಲ್ಲಾದರೆ ಜೂನ್ ತಿಂಗಳು ಲೆಕ್ಕಕ್ಕೆ ತೆಗೆದುಕೊಳ್ಳಿ, ಉತ್ತರಕ್ಕೆ ಮುಖ ಮಾಡಿ. ಫೋನಿನಲ್ಲಿ ಸೂರ್ಯನ ದಾರಿ ತೋರಿಸುವ ಆ್ಯಪ್‌ಗಳಿವೆ, ಇನ್ನೂ ನಿಖರವಾಗಿ ಬೇಕಾದರೆ ಬಳಸಿ. ಆದರೆ ಫೋನು ಹೇಳುವ ಸೂರ್ಯಾಸ್ತದ ಸಮಯ ಬಯಲು ನೆಲದ್ದು. ಕಣಿವೆಯಲ್ಲಿ ಬಿಸಿಲು ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ.

ಇದು ಅತಿ ಅನ್ನಿಸಿದರೆ ನಾರ್ವೆಯ ರ್‍ಯುಕಾನ್ ಊರನ್ನು ನೋಡಿ. ಅಲ್ಲಿನ ಕಣಿವೆ ಎಷ್ಟು ಇಕ್ಕಟ್ಟು ಅಂದರೆ ವರ್ಷದಲ್ಲಿ ಹೆಚ್ಚುಕಡಿಮೆ ಆರು ತಿಂಗಳು ಊರಿನ ನಡುವೆ ಬಿಸಿಲು ಬೀಳುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ಇಳಿಸಿದರು. ಇಟಲಿಯ ವಿಗನೆಲ್ಲಾ ಅನ್ನುವ ಹಳ್ಳಿ 2006ರಲ್ಲೇ ಇದನ್ನು ಮಾಡಿತ್ತು. ಬಿಸಿಲಿಗಾಗಿ ಊರೊಂದು ಬೆಟ್ಟದ ಮೇಲೆ ಕನ್ನಡಿ ಹೊರುತ್ತದೆ ಅಂದರೆ, ಅದಿಲ್ಲದೆ ಬದುಕುವುದು ಎಷ್ಟು ಕಷ್ಟ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ನೆರಳಿನ ಬದಿ ಅಂದರೆ ಕರಗದ ಮಂಜುಗಡ್ಡೆಯ ರಸ್ತೆ, ಒಣಗದ ಬಟ್ಟೆ, ಜಾಸ್ತಿ ಉರಿಯುವ ಸೌದೆ. ಬಿಸಿಲಿನ ಬದಿಗೂ ಅದರದ್ದೇ ತೊಂದರೆ ಇದೆ. ನೆಲ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯ ಹೆಚ್ಚು. ಬೇಸಿಗೆ ಸುಡುವ ಕಣಿವೆಯಾದರೆ ನಾನು ಅರ್ಧ ನೆರಳಿನ ಜಾಗವನ್ನೇ ಆರಿಸಿಕೊಳ್ಳುತ್ತೇನೆ.

ಹೆಜ್ಜೆ 3: ತಣ್ಣನೆಯ ಗಾಳಿ ಎಲ್ಲಿ ಹೋಗಿ ನಿಲ್ಲುತ್ತದೆ, ಹುಡುಕಿ

ಮೇಲೆ ಹೋದಷ್ಟೂ ಚಳಿ ಅನ್ನುವ ಲೆಕ್ಕ ಹಗಲಿಗೆ ಸರಿ. ತಿಳಿಯಾದ, ಗಾಳಿಯಿಲ್ಲದ ಚಳಿಗಾಲದ ರಾತ್ರಿಗೆ ಅದು ಉಲ್ಟಾ ಆಗುತ್ತದೆ. ಕತ್ತಲಾದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ. ಕಣಿವೆಯ ತಳದಲ್ಲಿ ಅದು ಶೇಖರವಾಗುತ್ತದೆ, ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತದೆ. ಇದಕ್ಕೆ ಇನ್ವರ್ಷನ್ ಅನ್ನುತ್ತಾರೆ. ಹಿಮ ಬಿದ್ದ ನೆಲ, ಎತ್ತರದ ಗೋಡೆಯಂಥ ಬೆಟ್ಟ, ಗಾಳಿಯಿಲ್ಲದ ವಾರ ಮೂರೂ ಕೂಡಿದರೆ ಅದು ದಿನಗಟ್ಟಲೆ ಕದಲುವುದಿಲ್ಲ. ಅಮೆರಿಕದ ಯೂಟಾದಲ್ಲಿ ಪೀಟರ್ ಸಿಂಕ್ಸ್ ಅನ್ನುವ ತಗ್ಗು ಇದೆ. ತಣ್ಣನೆಯ ಗಾಳಿಗೆ ಹೊರಹೋಗಲು ದಾರಿಯೇ ಇಲ್ಲದ ಜಾಗ. 1985ರ ಫೆಬ್ರವರಿ 1ರಂದು ಅಲ್ಲಿ ಮೈನಸ್ 56.3 ಡಿಗ್ರಿ ದಾಖಲಾಗಿತ್ತು.

ಚಳಿಗಿಂತ ದೊಡ್ಡ ತೊಂದರೆ ಹೊಗೆ. ಸೌದೆ ಒಲೆಯ ಹೊಗೆ, ಗಾಡಿಗಳ ಹೊಗೆ ಎಲ್ಲ ಆ ಪದರದ ಕೆಳಗೇ ಸಿಕ್ಕಿಕೊಳ್ಳುತ್ತದೆ. 1948ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ನದಿ ಕಣಿವೆಯ ಊರಲ್ಲಿ ಕಾರ್ಖಾನೆಯ ಹೊಗೆ ಹೀಗೆ ಸಿಕ್ಕಿಕೊಂಡು 20 ಜನ ಸತ್ತರು, ಸಾವಿರಾರು ಜನ ಕಾಯಿಲೆ ಬಿದ್ದರು. ಇವತ್ತು ಅಂಥ ಕಾರ್ಖಾನೆ ಇಲ್ಲದ ಊರಲ್ಲೂ ಚಳಿಗಾಲದ ಸಂಜೆ ಉಸಿರು ಕಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿಯ ಪ್ರಕಾರ ಪಿಎಂ 2.5, ಅಂದರೆ ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣ, ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು, 24 ಗಂಟೆಯ ಸರಾಸರಿಯಲ್ಲಿ 15 ದಾಟಬಾರದು. ಊರಿನ ಚಳಿಗಾಲದ ದಿನದ ಅಂಕಿಯನ್ನು ಇದರ ಪಕ್ಕ ಇಟ್ಟು ನೋಡಿ. ವರ್ಷದ ಸರಾಸರಿ ಚೆನ್ನಾಗಿ ಕಂಡರೂ ಜನವರಿಯ ಸಂಜೆ ಬೇರೆಯೇ ಇರುತ್ತದೆ. ಮನೆಯಲ್ಲಿ ಆಸ್ತಮಾ ಇರುವ ಮಗುವೋ ವಯಸ್ಸಾದವರೋ ಇದ್ದರೆ ಈ ಒಂದೇ ಕಾರಣಕ್ಕೆ ಊರನ್ನು ಕೈಬಿಟ್ಟರೂ ತಪ್ಪಿಲ್ಲ.

ನೀವೇ ಪರೀಕ್ಷೆ ಮಾಡುವುದು ಸುಲಭ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ಕಳೆದ ಮೇಲೆ ಸೂರ್ಯ ಹುಟ್ಟುವ ಮುಂಚೆ ಒಂದು ಥರ್ಮಾಮೀಟರ್ ಹಿಡಿದು ಹೊರಡಿ. ಹೊಳೆಯ ಸೇತುವೆ ಹತ್ತಿರ ಐದು ನಿಮಿಷ ನಿಂತು ಓದಿಕೊಳ್ಳಿ. ಆಮೇಲೆ ಗುಡ್ಡದ ದಾರಿ ಹಿಡಿದು ಪ್ರತಿ 50 ಮೀಟರ್ ಎತ್ತರಕ್ಕೂ ನಿಂತು ಓದಿ. ಹತ್ತಿದ ಹಾಗೆ ಬೆಚ್ಚಗಾಗುತ್ತಿದ್ದರೆ ನೀವು ಆ ತಣ್ಣನೆಯ ಪದರದೊಳಗೆ ಇದ್ದೀರಿ. ಒಂದು ಎತ್ತರದಲ್ಲಿ ಏರುವುದು ನಿಂತು ಮತ್ತೆ ಇಳಿಯಲು ಶುರುವಾಗುತ್ತದೆ. ಆ ನಡುವಿನ ಪಟ್ಟಿಯೇ ಕಣಿವೆಯ ಬೆಚ್ಚಗಿನ ಜಾಗ. ಅದೇ ಹೊತ್ತಿಗೆ ಕೆಳಗಿನ ಚಿಮಣಿಗಳನ್ನು ನೋಡಿ. ಹೊಗೆ ಸ್ವಲ್ಪ ಮೇಲೆದ್ದು, ಒಂದು ಮಟ್ಟದಲ್ಲಿ ತಡೆದು, ಅಡ್ಡಡ್ಡ ಹರಡಿಕೊಳ್ಳುತ್ತಿದ್ದರೆ ಪದರದ ಎತ್ತರ ಕಣ್ಣಿಗೇ ಕಾಣುತ್ತದೆ. ಹಣ್ಣಿನ ತೋಟಗಳು ಎಲ್ಲಿವೆ ಅಂತಲೂ ಗಮನಿಸಿ. ಅನುಭವಸ್ಥ ರೈತರು ಹೂ ಬಿಡುವ ಕಾಲದ ಚಳಿಗೆ ಹೆದರಿ ತಳ ಬಿಟ್ಟು ಇಳಿಜಾರಿನ ನಡುವೆ ಗಿಡ ಹಾಕಿರುತ್ತಾರೆ.

ಇಂಥ ಊರಲ್ಲೇ ಇರುವುದು ಖಾಯಂ ಆದರೆ ತೇವ ಶೇಕಡಾ 20ಕ್ಕಿಂತ ಕಡಿಮೆ ಇರುವ ಒಣ ಸೌದೆ ಮಾತ್ರ ಉರಿಸಿ. ಹಸಿ ಸೌದೆಯಲ್ಲಿ ಹೊಗೆ ಜಾಸ್ತಿ, ಶಾಖ ಕಡಿಮೆ. ಮಲಗುವ ಕೋಣೆಗೆ ಹೆಪಾ ಫಿಲ್ಟರಿನ (ಅತಿ ಸಣ್ಣ ಕಣವನ್ನೂ ತಡೆಯುವಂಥದ್ದು) ಏರ್ ಪ್ಯೂರಿಫೈಯರ್ ಒಂದು ಬೇಕೇ ಬೇಕು. ಬೇಸಿಗೆಯ ಕಾಡ್ಗಿಚ್ಚಿನ ಹೊಗೆಗೂ ಅದೇ ಆಗುತ್ತದೆ.

ಹೆಜ್ಜೆ 4: ಗಾಳಿಯ ದಿನಚರಿ ತಿಳಿದುಕೊಳ್ಳಿ

ತಿಳಿ ಹವೆಯ ದಿನ ಕಣಿವೆಯ ಗಾಳಿ ಒಂದು ಕ್ರಮದಲ್ಲಿ ಬೀಸುತ್ತದೆ. ಹಗಲು ಇಳಿಜಾರುಗಳು ಕಾದು ಗಾಳಿ ಮೇಲೆ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಕಣಿವೆಯ ತುದಿಯ ಕಡೆಗೆ ಜೋರು ಗಾಳಿ. ರಾತ್ರಿ ಅದು ತಿರುಗಿ ಕೆಳಮುಖವಾಗಿ ಬೀಸುತ್ತದೆ, ಬೆಳಗಿನವರೆಗೂ ಹಾಗೇ. ಸೈಕಲ್ ತುಳಿಯುವವರು ಇದನ್ನು ಚೆನ್ನಾಗಿ ಬಳಸಿಕೊಳ್ಳಬಹುದು. ಬೆಳಿಗ್ಗೆ ಕಣಿವೆಯ ಕೆಳಗಿನ ಕಡೆಗೆ ಹೊರಟು ಮಧ್ಯಾಹ್ನ ವಾಪಸ್ ಬಂದರೆ ಎರಡೂ ಸಲ ಗಾಳಿ ಬೆನ್ನಿಗೆ. ಉಲ್ಟಾ ಹೋದರೆ ಎರಡೂ ಸಲ ಎದೆಗೆ.

ಇನ್ನೊಂದು ಗಾಳಿ ಬೇರೆ ಸ್ವಭಾವದ್ದು. ಬೆಟ್ಟದ ಆಚೆ ಬದಿಯಲ್ಲಿ ತೇವ ಸುರಿಸಿ, ಈಚೆ ಇಳಿಯುವಾಗ ಒಣಗಿ ಕಾದು ಬರುವ ಗಾಳಿ. ಆಲ್ಪ್ಸ್‌ನಲ್ಲಿ ಅದಕ್ಕೆ ಫ್ಯೋನ್ ಅನ್ನುತ್ತಾರೆ, ಉತ್ತರ ಅಮೆರಿಕದಲ್ಲಿ ಚಿನೂಕ್. ದಕ್ಷಿಣ ಡಕೋಟಾದ ಸ್ಪಿಯರ್‌ಫಿಶ್‌ನಲ್ಲಿ 1943ರ ಜನವರಿ 22ರ ಬೆಳಿಗ್ಗೆ ಇಂಥ ಗಾಳಿಯಿಂದ ಎರಡೇ ನಿಮಿಷದಲ್ಲಿ ಮೈನಸ್ 20ರಿಂದ 7 ಡಿಗ್ರಿಗೆ ಏರಿತ್ತು. ಕೇಳಲು ಸೊಗಸು, ಆದರೆ ಇದೇ ಗಾಳಿ ಬೆಂಕಿಯನ್ನು ಹೊತ್ತೊಯ್ಯುತ್ತದೆ. ಸ್ವಿಟ್ಜರ್ಲೆಂಡಿನ ಗ್ಲಾರುಸ್ ಊರಿನ ದೊಡ್ಡ ಭಾಗ 1861ರ ಮೇ ತಿಂಗಳಲ್ಲಿ ಫ್ಯೋನ್ ಬೀಸುವಾಗ ಹತ್ತಿದ ಬೆಂಕಿಗೆ ಸುಟ್ಟುಹೋಯಿತು. ಹಾಗಾಗಿ ಈ ಗಾಳಿ ಯಾವ ತಿಂಗಳು ಬರುತ್ತದೆ, ಆಗ ಬೆಂಕಿ ಹಚ್ಚುವುದಕ್ಕೆ ಏನು ನಿಯಮ ಇದೆ ಅಂತ ಊರಿನವರನ್ನು ಕೇಳಿಕೊಳ್ಳಿ.

ಹೆಜ್ಜೆ 5: ಆ ಜಾಗ ಸಮತಟ್ಟಾಗಿದ್ದು ಹೇಗೆ ಅಂತ ಕೇಳಿ

ಕಣಿವೆಯಲ್ಲಿ ಸಮತಟ್ಟು ನೆಲ ಅಪರೂಪ. ಇರುವ ಸಮತಟ್ಟನ್ನು ಯಾವುದೋ ಒಂದು ಶಕ್ತಿ ಮಾಡಿದೆ. ಮನೆ ಕೊಳ್ಳುವ ಮೊದಲು ಆ ಶಕ್ತಿ ಯಾವುದು, ಅದು ಈಗಲೂ ಕೆಲಸ ಮಾಡುತ್ತಿದೆಯಾ ಅಂತ ತಿಳಿದುಕೊಳ್ಳಲೇಬೇಕು.

ಪಕ್ಕದ ಕೊರಕಲಿನಿಂದ ಹಳ್ಳ ಹೊರಬರುವ ಕಡೆ ಬೀಸಣಿಗೆಯ ಆಕಾರದಲ್ಲಿ ಹರಡಿದ ಇಳಿಜಾರು ಇರುತ್ತದೆ. ನೋಡಲು ತುಂಬ ಚೆನ್ನಾಗಿರುತ್ತದೆ. ನೀರು ಬಸಿಯುತ್ತದೆ, ಬಿಸಿಲು ಬರುತ್ತದೆ, ನೋಟ ಸಿಗುತ್ತದೆ. ಆದರೆ ಆ ಬೀಸಣಿಗೆ ಆಗಿರುವುದೇ ಹಳ್ಳ ಮತ್ತೆ ಮತ್ತೆ ತಂದು ಸುರಿದ ಕಲ್ಲು ಮತ್ತು ಕೆಸರಿನಿಂದ. ಅಲ್ಲಿ ನಡೆದಾಡುವಾಗ ಕಾಲ ಬುಡ ನೋಡಿ. ತೋಟದ ನಡುವೆ, ಮರಗಳ ಮಧ್ಯೆ ಸಣ್ಣ ಕಲ್ಲು, ದೊಡ್ಡ ಬಂಡೆ ಎಲ್ಲ ಕಲಸಿಬಿದ್ದಿವೆಯಾ? ಹಳೇ ಮರಗಳ ಬುಡ ಮಣ್ಣಲ್ಲಿ ಹೂತು, ಕಾಂಡ ನೆಲದಿಂದ ಕಂಬದ ಥರ ನೇರ ಎದ್ದಿದೆಯಾ? ಹಳ್ಳದ ಎರಡೂ ಬದಿ ಬಂಡೆಗಳ ದಿಬ್ಬ ಇದೆಯಾ? ಇದ್ದರೆ ಅಲ್ಲಿ ಹಳ್ಳ ದಾರಿ ಬಿಟ್ಟು ಹರಿದಿದೆ. ಮೇಲಿನ ಕಾಡು ಇತ್ತೀಚೆಗೆ ಸುಟ್ಟಿದ್ದರೆ ಅಪಾಯ ಇನ್ನೂ ಜಾಸ್ತಿ. ಸುಟ್ಟ ಇಳಿಜಾರು ನೀರು ಕುಡಿಯುವುದಿಲ್ಲ, ಕೆಲವು ವರ್ಷದವರೆಗೆ ಸಾಧಾರಣ ಮಳೆಗೂ ಕೆಸರು ಹರಿಯುತ್ತದೆ.

ಹಿಮ ಬೀಳುವ ಕಡೆ ಎದುರಿನ ಬೆಟ್ಟವನ್ನು ದುರ್ಬೀನು ಹಾಕಿ ನೋಡಿ. ದಟ್ಟ ಕಾಡಿನ ನಡುವೆ ಮೇಲಿಂದ ಕೆಳಗೆ ಬರೀ ಪೊದೆ, ಎಳೆ ಮರಗಳ ಪಟ್ಟಿ ಇದ್ದರೆ ಅದು ಹಿಮಕುಸಿತದ ದಾರಿ. ಅಂಚಿನ ಮರಗಳಿಗೆ ಬೆಟ್ಟದ ಕಡೆಯ ಕೊಂಬೆಗಳೇ ಇರುವುದಿಲ್ಲ. ಅಂಥ ಪಟ್ಟಿಯ ಕೆಳತುದಿಯಿಂದ ದೂರ ಇರಿ. ಎಷ್ಟು ದೂರ ಅನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಆಸ್ಟ್ರಿಯಾದ ಗಾಲ್ಟ್ಯೂರ್‌ನಲ್ಲಿ 1999ರ ಫೆಬ್ರವರಿ 23ರಂದು ಹಿಮಕುಸಿತ ಊರೊಳಗೆ, ಸುರಕ್ಷಿತ ಅಂತ ಗುರುತಿಸಿದ್ದ ಜಾಗದವರೆಗೂ ನುಗ್ಗಿ 31 ಜನ ಸತ್ತರು.

ಸ್ವಿಟ್ಜರ್ಲೆಂಡಿನಲ್ಲಿ ಪ್ರತಿ ಊರಿಗೂ ಅಪಾಯದ ನಕ್ಷೆ ಇರುತ್ತದೆ. ಕೆಂಪು ಬಣ್ಣದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ನೀಲಿಯಲ್ಲಿ ಷರತ್ತಿನ ಮೇಲೆ ಕಟ್ಟಬಹುದು, ಹಳದಿಯಲ್ಲಿ ಅಪಾಯ ಕಡಿಮೆ. ನೀವು ಹೋಗುವ ಊರಿಗೆ ಇಂಥ ನಕ್ಷೆ ಇದ್ದರೆ ಸ್ಥಳೀಯ ಕಚೇರಿಯಲ್ಲಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಹಳೇ ಮನೆಗಳು, ಹಳೇ ಪೂಜಾಸ್ಥಳಗಳು ಎಲ್ಲಿ ಕೂತಿವೆ ನೋಡಿ. ಅವು ಬಹಳ ಕಾಲ ತಡೆದುಕೊಂಡ ಜಾಗಗಳು. ಹೊಸ ಬಡಾವಣೆ ಮಾತ್ರ ಬೇರೆ ಕಡೆ ಇದ್ದರೆ ಹಿಂದಿನವರು ಅಲ್ಲಿ ಯಾಕೆ ಕಟ್ಟಲಿಲ್ಲ ಅಂತ ಕೇಳಿ.

ಜೊತೆಗೆ ಎಚ್ಚರಿಕೆ ಕೊಡುವವರು ಯಾರು, ಊರಿನವರು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ತಿಳಿದುಕೊಳ್ಳಿ. 2025ರ ಮೇ 28ರಂದು ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಹಳ್ಳಿಯ ಮೇಲೆ ಹಿಮನದಿ ಕುಸಿದು ಬಹುಪಾಲು ಮನೆಗಳು ಹೂತುಹೋದವು. ಬೆಟ್ಟ ಜರುಗುತ್ತಿರುವುದನ್ನು ಮೊದಲೇ ಗಮನಿಸಿ ಸುಮಾರು 300 ಜನರನ್ನು ದಿನಗಳ ಮುಂಚೆಯೇ ಹೊರಗೆ ಕಳಿಸಿದ್ದರಿಂದ ಹೆಚ್ಚುಕಡಿಮೆ ಎಲ್ಲರೂ ಉಳಿದರು. ಕಾವಲು ಇರುವ ಊರಿಗೂ ಇಲ್ಲದ ಊರಿಗೂ ಇರುವ ವ್ಯತ್ಯಾಸ ಇಷ್ಟು ದೊಡ್ಡದು.

ಹೆಜ್ಜೆ 6: ಸಂಜೆ ಒಂದು ಗಂಟೆಯಲ್ಲಿ ಏನು ಮಾಡಬಹುದು, ಅದನ್ನು ಎಣಿಸಿ

ಪ್ರವಾಸಿ ಪುಸ್ತಕದಲ್ಲಿ ದೊಡ್ಡ ಶಿಖರ, ದೊಡ್ಡ ಜಲಪಾತ ಇರುತ್ತವೆ. ಅಲ್ಲಿಗೆ ನೀವು ವರ್ಷಕ್ಕೊಮ್ಮೆ ಹೋಗುತ್ತೀರಿ. ನಿಮ್ಮ ಮೈ-ಮನಸ್ಸಿಗೆ ದಿನವೂ ಬೇಕಾದದ್ದು ಕೆಲಸ ಮುಗಿಸಿ ಚಪ್ಪಲಿ ಬಿಚ್ಚಿ ಶೂ ಹಾಕಿಕೊಂಡು ಹೊರಟರೆ ಒಂದು ಗಂಟೆಯಲ್ಲಿ ಹೋಗಿ ಬರುವಂಥ ದಾರಿ. ಕಾರು ತೆಗೆಯದೆ ಹೋಗುವ ದಾರಿ ಎಷ್ಟಿವೆ? ಕತ್ತಲಾದ ಮೇಲೆ, ಮಳೆಯಲ್ಲಿ, ನೆಲ ಕೆಸರಾದಾಗ ಅವುಗಳಲ್ಲಿ ಎಷ್ಟು ಉಳಿಯುತ್ತವೆ? ಖಾಸಗಿ ಜಮೀನು ದಾಟಬೇಕಾ? ಬೇಟೆಯ ಕಾಲದಲ್ಲಿ ಮುಚ್ಚುತ್ತಾರಾ? ಮಕ್ಕಳು ತಾವೇ ಸೈಕಲ್ ಹತ್ತಿ ಮೈದಾನಕ್ಕೆ ಹೋಗಬಹುದಾ, ಇಲ್ಲಾ ಹೆದ್ದಾರಿ ದಾಟಬೇಕಾ? ಇಕ್ಕಟ್ಟಾದ ಕಣಿವೆಯಲ್ಲಿ ಹೆದ್ದಾರಿ, ರೈಲು, ಹೊಳೆ ಮೂರೂ ಅಕ್ಕಪಕ್ಕ ಓಡುವುದರಿಂದ ಈ ಕೊನೆಯ ಪ್ರಶ್ನೆ ಸಣ್ಣದಲ್ಲ.

ಇಂಥ ದಾರಿ ಎರಡೇ ಇದ್ದರೂ ಊರು ಒಳ್ಳೆಯದೇ. ಒಂದೂ ಇಲ್ಲದಿದ್ದರೆ ಸುತ್ತ ಎಷ್ಟೇ ಬೆಟ್ಟ ಇದ್ದರೂ ನೀವು ಅವುಗಳನ್ನು ಕಿಟಕಿಯಿಂದಷ್ಟೇ ನೋಡುತ್ತೀರಿ.

ಹೆಜ್ಜೆ 7: ಬೆಟ್ಟಕ್ಕೆ ಹೋಗುವ ದಿನದ ಲೆಕ್ಕ

ಹೊಸಬರು ದೂರ ನೋಡಿ ಸಮಯ ಲೆಕ್ಕ ಹಾಕುತ್ತಾರೆ, ಏರಿಕೆಯನ್ನು ಮರೆತುಬಿಡುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 10 ಕಿಲೋಮೀಟರ್, 900 ಮೀಟರ್ ಏರಿಕೆ ಆದರೆ ಮೂರೂವರೆ ಗಂಟೆ. ಇದು ಅಭ್ಯಾಸ ಇದ್ದವರು ನಿಲ್ಲದೆ ನಡೆದರೆ. ಮಕ್ಕಳಿದ್ದರೆ, ಹೊಸಬರಾದರೆ ಅರ್ಧದಷ್ಟು ಸಮಯ ಸೇರಿಸಿ. ಹೊರಡುವ ಮೊದಲೇ ವಾಪಸ್ ತಿರುಗುವ ಹೊತ್ತು ನಿಗದಿ ಮಾಡಿ, ತುದಿ ಹತ್ತು ನಿಮಿಷ ದೂರ ಇದ್ದರೂ ಆ ಹೊತ್ತಿಗೆ ತಿರುಗಿ.

ಬೇಸಿಗೆಯಲ್ಲಿ ಬೆಟ್ಟದ ಮೇಲೆ ಗುಡುಗು ಮೋಡ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೆಳಿಗ್ಗೆ ಬೇಗ ಹೊರಟು ನಡುಹಗಲಿಗೆ ನೆತ್ತಿಯಿಂದ ಇಳಿದಿರಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರ್ ಒಳಗೇ ಇದೆ, ಕೂಡಲೇ ಇಳಿಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಆಮೇಲೆ ಮುಂದೆ ಹೋಗಿ.

ಹಿಮದ ಕಾಲದಲ್ಲಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹೆಚ್ಚಿನ ಹಿಮಕುಸಿತ ಆಗುತ್ತದೆ. ಸ್ಕೀ ಮಾಡಲು ಚೆನ್ನ ಅನ್ನಿಸುವ ಇಳಿಜಾರೂ ಅದೇ. ಪ್ರತಿದಿನದ ಐದು ಹಂತದ ಎಚ್ಚರಿಕೆ ಓದದೆ ಆ ಕಡೆ ಹೋಗಬೇಡಿ. ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು, ಬಳಸಲು ತರಬೇತಿಯೂ ಆಗಿರಬೇಕು. ಹಿಮದಡಿ ಸಿಕ್ಕವರು ಬದುಕುವ ಅವಕಾಶ ಮೊದಲ ಹತ್ತು-ಹದಿನೈದು ನಿಮಿಷದ ನಂತರ ಸರ್ರನೆ ಇಳಿಯುತ್ತದೆ. ಹೊರಗಿನ ತಂಡ ಬರುವವರೆಗೆ ಕಾಯುವಷ್ಟು ಸಮಯ ಇರುವುದಿಲ್ಲ.

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಒಬ್ಬರಿಗೆ ಹೇಳಿ ಹೋಗಿ. ಕಣಿವೆಯ ತಿರುವುಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಸಣ್ಣ ಊರುಗಳಲ್ಲಿ ಹುಡುಕಲು ಬರುವವರು ಹೆಚ್ಚಿನವರು ಸ್ವಯಂಸೇವಕರು, ತಮ್ಮ ಕೆಲಸ ಬಿಟ್ಟು ಬರುತ್ತಾರೆ.

ಹೆಜ್ಜೆ 8: ರಸ್ತೆ, ಆಸ್ಪತ್ರೆ, ಬಾಡಿಗೆ

ಊರಿಗೆ ಎಷ್ಟು ರಸ್ತೆ? ಒಂದೇ ಆದರೆ ಕಳೆದ ವರ್ಷ ಅದು ಎಷ್ಟು ದಿನ ಬಂದ್ ಆಗಿತ್ತು, ಆಗ ಹೆರಿಗೆ ನೋವು ಬಂದವರು, ಎದೆ ನೋವು ಬಂದವರು ಏನು ಮಾಡಿದರು ಅಂತ ಕೇಳಿ. ಹತ್ತಿರದ ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಲ್ಲ, ಕೆಟ್ಟ ದಿನದ ನಿಮಿಷದಲ್ಲಿ ಬರೆದುಕೊಳ್ಳಿ. ಅಲ್ಲಿ ಹೆರಿಗೆ ಮಾಡಿಸುತ್ತಾರಾ, ಹೆಲಿಕಾಪ್ಟರ್ ಇಳಿಯುವ ಜಾಗ ಇದೆಯಾ, ರಾತ್ರಿ ಡಾಕ್ಟರ್ ಇರುತ್ತಾರಾ ಕೇಳಿ. ಕರೆಂಟು ಹೋದರೆ ಎಷ್ಟು ಹೊತ್ತು ಹೋಗುತ್ತದೆ, ಕರೆಂಟಿಲ್ಲದೆ ಮನೆ ಬೆಚ್ಚಗಿಡುವ ಏರ್ಪಾಡು ಇದೆಯಾ ನೋಡಿ. ಗ್ರಾನೈಟ್ ಬಂಡೆಯ ಪ್ರದೇಶವಾದರೆ ಮನೆಯೊಳಗಿನ ರೇಡಾನ್ (ನೆಲದಿಂದ ಏಳುವ, ಕಣ್ಣಿಗೆ ಕಾಣದ ವಿಕಿರಣಶೀಲ ಅನಿಲ) ಪರೀಕ್ಷೆ ಮಾಡಿಸಿ, ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಅದು ಜಾಸ್ತಿ ಸೇರುತ್ತದೆ.

ಬಾಡಿಗೆಯ ವಿಷಯ ನನಗೆ ಎಲ್ಲಕ್ಕಿಂತ ನೋವು ಕೊಡುವಂಥದ್ದು. ಚೆಂದದ ಊರುಗಳಲ್ಲಿ ಮನೆಗಳು ಪ್ರವಾಸಿಗರ ದಿನಬಾಡಿಗೆಗೆ, ವರ್ಷದ ಬಹುಪಾಲು ಬೀಗ ಹಾಕಿದ ಎರಡನೇ ಮನೆಗಳಿಗೆ ಹೋಗಿಬಿಡುತ್ತವೆ. ಶಾಲೆಯ ಟೀಚರಿಗೆ, ನರ್ಸಿಗೆ, ಹಿಮ ತೆಗೆಯುವ ಡ್ರೈವರಿಗೆ ಮನೆ ಸಿಗುವುದಿಲ್ಲ. ಆಮೇಲೆ ಶಾಲೆ ಸೊರಗುತ್ತದೆ, ಕ್ಲಿನಿಕ್ ಮುಚ್ಚುತ್ತದೆ. ಇದಕ್ಕೆ ಕಡಿವಾಣ ಹಾಕಲು ಸ್ವಿಸ್ ಮತದಾರರು 2012ರಲ್ಲಿ ಒಂದು ಪಂಚಾಯ್ತಿಯ ಮನೆಗಳಲ್ಲಿ ಎರಡನೇ ಮನೆ ಶೇಕಡಾ 20 ದಾಟಬಾರದು ಅಂತ ಒಪ್ಪಿದರು. ಕೆನಡಾದ ರಾಷ್ಟ್ರೀಯ ಉದ್ಯಾನದೊಳಗಿರುವ ಬ್ಯಾಂಫ್ ಊರಲ್ಲಿ ನೆಲೆಸಬೇಕಾದರೆ ಅಲ್ಲಿ ಇರಲೇಬೇಕಾದ ಕಾರಣ, ಅಂದರೆ ಕೆಲಸ ಅಥವಾ ಸ್ವಂತ ವ್ಯವಹಾರದಂಥದ್ದು, ತೋರಿಸಬೇಕು. ನೀವು ನೋಡುತ್ತಿರುವ ಊರಲ್ಲಿ ರಾತ್ರಿ ಎಂಟಕ್ಕೆ, ಪ್ರವಾಸಿಗರಿಲ್ಲದ ತಿಂಗಳಲ್ಲಿ ಒಂದು ಬೀದಿ ಉದ್ದಕ್ಕೂ ನಡೆಯಿರಿ. ದೀಪ ಉರಿಯುವ ಕಿಟಕಿ ಎಷ್ಟು, ಕತ್ತಲೆ ಕಿಟಕಿ ಎಷ್ಟು ಎಣಿಸಿ. ಊರು ಜೀವಂತ ಇದೆಯಾ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ಹೆಜ್ಜೆ 9: ಎತ್ತರಕ್ಕೆ ಮೈ ಒಗ್ಗಲಿ

ಹೆಚ್ಚಿನ ಕಣಿವೆ ಊರುಗಳು 2500 ಮೀಟರಿಗಿಂತ ಕೆಳಗಿವೆ, ಅಲ್ಲಿ ಎತ್ತರದ ಕಾಯಿಲೆಯ ಚಿಂತೆ ಅಷ್ಟಿಲ್ಲ. ಅದಕ್ಕಿಂತ ಮೇಲಾದರೆ ಮೊದಲ ದಿನಗಳು ನಿಧಾನವಾಗಿರಲಿ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ನೀರು ಕುದಿಯುವ ಉಷ್ಣಾಂಶ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಹಾಗಾಗಿ ಪ್ರೆಷರ್ ಕುಕ್ಕರ್ ಅಲ್ಲಿ ಅನಿವಾರ್ಯ. ಬಿಸಿಲಿನ ನೇರಳಾತೀತ ಕಿರಣ ಪ್ರತಿ 1000 ಮೀಟರಿಗೆ ಸುಮಾರು ಶೇಕಡಾ 10 ಹೆಚ್ಚು, ಹೊಸ ಹಿಮ ಅದರ ಬಹುಭಾಗವನ್ನು ಮತ್ತೆ ಮುಖಕ್ಕೇ ಹೊಡೆಯುತ್ತದೆ. ಚಳಿ ಇದ್ದರೂ ತಂಪು ಕನ್ನಡಕ, ಸನ್‌ಸ್ಕ್ರೀನ್ ಬಿಡಬೇಡಿ.

ಹೆಜ್ಜೆ 10: ಕೆಟ್ಟ ಕಾಲದಲ್ಲಿ ಬಾಡಿಗೆಗೆ ಇದ್ದು ನೋಡಿ

ಇಷ್ಟೆಲ್ಲ ನೋಡಿಯೂ ಊರು ಇಷ್ಟ ಆಯಿತಾ? ಹಾಗಾದರೆ ಕೊಳ್ಳುವ ಮೊದಲು ಬಾಡಿಗೆ ಮನೆ ಹಿಡಿಯಿರಿ. ಒಳ್ಳೆಯ ಕಾಲ ಬೇಡ. ಹಿಮ ಕರಗಿ ಎಲ್ಲ ಕೆಸರಾಗಿರುವ ತಿಂಗಳು, ಇಲ್ಲವೇ ಹೊಗೆ ಕೂರುವ ತಿಂಗಳು ಬರುವ ಹಾಗೆ ನೋಡಿಕೊಳ್ಳಿ. ಆಗಲಾದರೆ ಅಂಗಡಿಯವರಿಗೆ, ಲೈಬ್ರರಿಯವರಿಗೆ, ಪಕ್ಕದ ಮನೆಯವರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ನಿಮ್ಮನ್ನು ಊರೊಳಗೆ ಸೇರಿಸಿಕೊಳ್ಳುವವರು ಅವರೇ.

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಂದೇ ಸಾಲು ಸಾಕು: ಬೆಳಗಿನ ಉಷ್ಣಾಂಶ, ಬಿಸಿಲು ಬಂದ ಹೊತ್ತು ಹೋದ ಹೊತ್ತು, ಗಾಳಿಯ ಗುಣಮಟ್ಟ, ಹೊರಗೆ ನಡೆದೆವಾ ಇಲ್ಲವಾ, ಮನೆಯವರಲ್ಲದ ಒಬ್ಬರ ಜೊತೆ ಮಾತಾಡಿದೆವಾ ಇಲ್ಲವಾ. ಮನೆಯಲ್ಲಿ ಇಬ್ಬರಿದ್ದರೆ ಇಬ್ಬರೂ ಬೇರೆ ಬೇರೆ ಬರೆಯಿರಿ. ಒಬ್ಬರಿಗೆ ಬೆಟ್ಟ ಹತ್ತಿ ಖುಷಿಯಾಗಿರುವಾಗ ಇನ್ನೊಬ್ಬರು ಮನೆಯೊಳಗೆ ಬೇಸರ ನುಂಗಿಕೊಂಡಿರುವುದು ಇಂಥ ಊರುಗಳಲ್ಲಿ ಆಗುತ್ತಲೇ ಇರುತ್ತದೆ. ಬಾಡಿಗೆಯ ಅವಧಿ ಮುಗಿಯುವ ಮೊದಲು ಎರಡೂ ಪುಸ್ತಕ ಎದುರು ಇಟ್ಟುಕೊಂಡು ಕೊನೆಯ ಎರಡು ಕಾಲಂ ಎಣಿಸಿ. ಹೊರಗೆ ಹೋಗದ, ಯಾರ ಜೊತೆಗೂ ಮಾತಾಡದ ದಿನಗಳೇ ಇಬ್ಬರಲ್ಲಿ ಒಬ್ಬರಿಗೆ ಜಾಸ್ತಿ ಇದ್ದರೆ ಇನ್ನೊಂದು ಸೀಸನ್ ಬಾಡಿಗೆಗೇ ಇರಿ, ಅಷ್ಟರಲ್ಲಿ ಕಣಿವೆಯ ಇನ್ನೊಂದು ಬದಿಯಲ್ಲಿ ಮನೆ ಹುಡುಕಿ.